ಅನ್ನ, ಕಾಳು, ಕಟ್ಟು: ಬ್ರೆಜಿಲ್‌ನ ದಿನದೂಟ

ಬ್ರೆಜಿಲ್‌ನ ಯಾವ ಊರಿನಲ್ಲಾದರೂ ಬೆಳಗಿನ ಹನ್ನೊಂದು ದಾಟಿದ ಮೇಲೆ ಮನೆಗಳ ಸಾಲಿನ ಮುಂದೆ ನಡೆದರೆ ಅಡುಗೆಮನೆಯ ಸುಳಿವು ಎರಡು ಬಗೆಯಲ್ಲಿ ಸಿಗುತ್ತದೆ. ಕಿವಿಗೆ ಪ್ರೆಷರ್ ಕುಕ್ಕರಿನ ನಿಲ್ಲದ ಬುಸುಬುಸು, ಮೂಗಿಗೆ ಎಣ್ಣೆಯಲ್ಲಿ ಕೆಂಪಗಾಗುತ್ತಿರುವ ಬೆಳ್ಳುಳ್ಳಿಯ ಘಮ. ಒಳಗೆ ಬೇಯುತ್ತಿರುವುದು ‘ಅಹೋಸ್ ಕೊಂ ಫೆಯ್ಜಾಂವ್’. ಅಹೋಸ್ ಎಂದರೆ ಅಕ್ಕಿಯೂ ಹೌದು, ಅನ್ನವೂ ಹೌದು. ಫೆಯ್ಜಾಂವ್ ಎಂದರೆ ಒಣಕಾಳು, ಅದನ್ನು ಬೇಯಿಸಿ ಮಾಡಿದ ಗಟ್ಟಿ ಸಾರಿಗೂ ಅದೇ ಹೆಸರು. ಕೋಟ್ಯಧಿಪತಿಯ ಮನೆಯಲ್ಲಿಯೂ ಕಟ್ಟಡದ ಕೂಲಿಯ ಬುತ್ತಿಯಲ್ಲಿಯೂ ಒಂದೇ ರೂಪದಲ್ಲಿ ಕಾಣಸಿಗುವ ಊಟ ಆ ದೇಶದಲ್ಲಿ ಇದರಷ್ಟು ಬೇರೊಂದಿಲ್ಲ.

ತಟ್ಟೆಯ ತುಂಬು ರೂಪ ಹೀಗಿರುತ್ತದೆ: ಉದುರುದುರಾದ ಬಿಳಿ ಅನ್ನ, ಅದರ ಪಕ್ಕಕ್ಕೋ ಮೇಲಕ್ಕೋ ಸೌಟು ತುಂಬ ಕಾಳು, ತೆಳ್ಳಗೆ ಬಡಿದು ಹುರಿದ ದನದ ಮಾಂಸದ ತುಂಡು ಇಲ್ಲವೆ ಕೋಳಿ ಇಲ್ಲವೆ ಒಂದು ಮೊಟ್ಟೆ, ಸಣ್ಣಗೆ ಹೆಚ್ಚಿ ಬಾಡಿಸಿದ ಸೊಪ್ಪು, ಟೊಮೆಟೊ ಮತ್ತು ಲೆಟ್ಯೂಸ್, ಎಲ್ಲದರ ಮೇಲೆ ಉದುರಿಸಿಕೊಳ್ಳಲು ಹುರಿದ ಮರಗೆಣಸಿನ ಹಿಟ್ಟು. ಸಣ್ಣ ಹೋಟೆಲುಗಳಲ್ಲಿ ಇದೆಲ್ಲವನ್ನೂ ಒಂದೇ ತಟ್ಟೆಗೆ ಬಡಿಸಿ ತಂದಿಟ್ಟರೆ ಅದು ‘ಪ್ರಾತು ಫೆಯ್ತು’, ಅಂದರೆ ಸಿದ್ಧ ತಟ್ಟೆ. ಜನ ಮೊದಲಕ್ಷರಗಳನ್ನಷ್ಟೇ ಹಿಡಿದು ‘ಪೆ-ಎಫಿ’ ಎನ್ನುತ್ತಾರೆ. 1980ರ ದಶಕದಿಂದ ಈಚೆಗೆ ಬೇಕಾದ್ದನ್ನು ತಾವೇ ಬಡಿಸಿಕೊಂಡು, ತಟ್ಟೆಯನ್ನು ತಕ್ಕಡಿಗಿಟ್ಟು, ತೂಕಕ್ಕೆ ತಕ್ಕ ಹಣ ಕೊಡುವ ಹೋಟೆಲುಗಳು ದೇಶದ ತುಂಬ ಹಬ್ಬಿವೆ. ಅಲ್ಲಿ ಬಗೆಬಗೆಯ ಭಕ್ಷ್ಯಗಳಿದ್ದರೂ ಸಾಲಿನಲ್ಲಿ ಅನ್ನದ ಪಾತ್ರೆ ಮತ್ತು ಕಾಳಿನ ಪಾತ್ರೆ ಇದ್ದೇ ಇರುತ್ತವೆ.

ಹೊರಗಿನವರ ಕಣ್ಣು ಮೊದಲು ಮಾಂಸದ ಮೇಲೆ ಬೀಳುತ್ತದೆ. ಆದರೆ ಈ ಊಟದ ಜೀವ ಇರುವುದು ಕಾಳಿನಲ್ಲಿ, ಇನ್ನೂ ಸರಿಯಾಗಿ ಹೇಳಬೇಕೆಂದರೆ ಕಾಳಿನ ಕಟ್ಟಿನಲ್ಲಿ. ಅನ್ನಕ್ಕೆ ಹೊಂದಿಕೊಳ್ಳುವಷ್ಟು ತೆಳು, ಸೌಟಿನ ಬೆನ್ನಿಗೆ ಅಂಟುವಷ್ಟು ಗಟ್ಟಿ, ಕಾಳು ಒಡೆಯದೆ ಮೆತ್ತಗಾಗಿರಬೇಕು. ಒಬ್ಬರ ಕೈ ಅಡುಗೆ ಚೆನ್ನ ಎಂದು ಬ್ರೆಜಿಲ್‌ನವರು ಅಳೆಯುವುದು ಈ ಕಟ್ಟಿನಿಂದಲೇ.

ಕಾಳಿನ ಮೂಲ ಜಾತಿ ಕನ್ನಡ ನಾಡಿಗೆ ಅಪರಿಚಿತವೇನಲ್ಲ. ಎಳೆಯ ಕಾಯಿಯಾಗಿ ಪಲ್ಯಕ್ಕೆ ಬೀಳುವ ಹುರುಳಿಕಾಯಿ, ಬಲಿತು ಒಣಗಿದಾಗ ರಾಜ್ಮಾ, ಇವೆರಡೂ ಇರುವ ಸಸ್ಯಜಾತಿಯದೇ ಫೆಯ್ಜಾಂವ್ ಕೂಡ. ಅಮೆರಿಕ ಖಂಡಗಳ ಮೂಲನಿವಾಸಿಗಳು ಇದನ್ನು ಮೆಕ್ಸಿಕೊ ಕಡೆಯಲ್ಲೊಮ್ಮೆ, ಆಂಡಿಸ್ ಬೆಟ್ಟಗಳ ಕಡೆಯಲ್ಲೊಮ್ಮೆ, ಬೇರೆಬೇರೆಯಾಗಿ ಬೆಳೆಗೆ ಒಗ್ಗಿಸಿದರು. ರಿಯೊ ಡಿ ಜನೈರೊದಲ್ಲಿ, ದಕ್ಷಿಣ ತುದಿಯ ರಿಯೊ ಗ್ರಾಂಡೆ ಡೊ ಸುಲ್‌ನಲ್ಲಿ ದಿನದ ಕಾಳು ಎಂದರೆ ಕಪ್ಪುಕಾಳು. ದೇಶದ ಬಹುಪಾಲು ಕಡೆ ಅದು ‘ಕರಿಯೋಕ’, ನಸುಗಂದು ಮೈಮೇಲೆ ಕಂದು ಗೆರೆ ಎಳೆದಂತಿರುವ ಕಾಳು.

ಕರಿಯೋಕದ ಕತೆಯನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಶಾಶ್ವತವೆಂಬಂತೆ ಕಾಣುವ ಈ ಊಟದ ಮುಖ್ಯ ಕಾಳಿಗೆ ಇನ್ನೂ ನೂರು ವರ್ಷವೂ ಆಗಿಲ್ಲ. 1960ರ ದಶಕದಲ್ಲಿ ಸಾವೊ ಪಾಲೊ ರಾಜ್ಯದ ಒಳನಾಡಿನ ಹೊಲವೊಂದರಲ್ಲಿ ಗೆರೆಗೆರೆಯ ಕಾಳು ಬಿಡುವ ಗಿಡಗಳು ಕಂಡವು. ಕೃಷಿ ತಜ್ಞ ವಾಲ್ಡಿಮಿರ್ ಕೊರೊನಾಡೊ ಅಂತೂನಿಸ್ ಆ ಬೀಜವನ್ನು ಕಾಂಪಿನಾಸ್‌ನ ಕೃಷಿ ಸಂಶೋಧನಾ ಸಂಸ್ಥೆಗೆ ಕಳಿಸಿದರು. 1887ರಲ್ಲಿ ಚಕ್ರವರ್ತಿ ಎರಡನೆಯ ಪೆಡ್ರೊ ಸ್ಥಾಪಿಸಿದ ಹಳೆಯ ಸಂಸ್ಥೆ ಅದು. ಅಲ್ಲಿ ಪರೀಕ್ಷಿಸಿದಾಗ ಇಳುವರಿ ಹೆಚ್ಚು, ರೋಗ ತಡೆಯುವ ಶಕ್ತಿ ಚೆನ್ನ, ಬೇಯುವುದೂ ಬೇಗ ಎಂದು ತಿಳಿಯಿತು. ಗೆರೆಯ ಕಾಳನ್ನು ಕಂಡು ಮೊದಮೊದಲು ಮುಖ ತಿರುಗಿಸಿದ ಕೊಳ್ಳುಗರು ಕಟ್ಟಿನ ರುಚಿ ನೋಡಿದ ಮೇಲೆ ಒಪ್ಪಿಕೊಂಡರು. ಇಂದು ದೇಶದಲ್ಲಿ ತಿನ್ನುವ ಕಾಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ರಿಯೊ ನಗರದವರನ್ನು ಕರಿಯೋಕ ಎನ್ನುವುದುಂಟು, ಆದರೆ ಕಾಳಿನ ಹೆಸರಿಗೂ ಅವರಿಗೂ ಸಂಬಂಧವಿಲ್ಲ. ಮೈಮೇಲೆ ಅಂಥದೇ ಪಟ್ಟೆಗಳಿದ್ದ ಕರಿಯೋಕ ಎಂಬ ಹಂದಿ ತಳಿಯಿಂದ ಈ ಹೆಸರು ಬಂತು ಎಂಬುದು ಸಂಸ್ಥೆಯವರ ವಿವರಣೆ.

ಈಶಾನ್ಯದ ಒಣ ಸೀಮೆಗೆ ಹೋದರೆ ಕಾಳೇ ಬದಲಾಗುತ್ತದೆ. ಅಲ್ಲಿನದು ಆಫ್ರಿಕ ಮೂಲದ ಅಲಸಂದೆ. ಗುಲಾಮರ ಸಾಗಣೆಯ ಕಾಲದಲ್ಲಿ ಸಾಗರ ದಾಟಿ ಬಂದ ಬೆಳೆ, ಕಡಿಮೆ ಮಳೆಗೂ ಜಗ್ಗುವುದಿಲ್ಲ. ಸಿಯರಾ ರಾಜ್ಯದಲ್ಲಿ ಅಲಸಂದೆ ಮತ್ತು ಅಕ್ಕಿಯನ್ನು ಒಂದೇ ಪಾತ್ರೆಯಲ್ಲಿ ಬೇಯಿಸಿ, ಕರಗದ ಗಟ್ಟಿ ಗಿಣ್ಣಿನ ತುಂಡು ಬೆರೆಸಿ ‘ಬಯಾಂವ್ ಜಿ ದೋಯ್ಸ್’ ಮಾಡುತ್ತಾರೆ. ಬಾಹಿಯಾದಲ್ಲಿ ಇದೇ ಅಲಸಂದೆಯನ್ನು ನೆನೆಸಿ, ಸಿಪ್ಪೆ ತೆಗೆದು, ರುಬ್ಬಿ, ಚೆನ್ನಾಗಿ ಕಡೆದು ತಾಳೆ ಎಣ್ಣೆಯಲ್ಲಿ ಕರಿದರೆ ‘ಅಕರಜೆ’. ವಡೆ ತಿಂದು ಬೆಳೆದವರಿಗೆ ಮೊದಲ ತುತ್ತಿನಲ್ಲೇ ನೆಂಟಸ್ತಿಕೆ ತಿಳಿಯುತ್ತದೆ. ಬೀದಿಯಲ್ಲಿ ಅದನ್ನು ಮಾರುವ ಹೆಂಗಸರ ಕಸುಬನ್ನು 2005ರಲ್ಲಿ ಬ್ರೆಜಿಲ್‌ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು.

ಅನ್ನಕ್ಕಿಂತ ಮೊದಲು ಕಾಳಿನ ಜೊತೆಗಾರ ಮರಗೆಣಸು. ಪೋರ್ಚುಗೀಸರು 1500ರಲ್ಲಿ ಬರುವ ಮೊದಲೇ ಟುಪಿ ಮುಂತಾದ ಜನಾಂಗಗಳು ಕಹಿ ಮರಗೆಣಸಿನ ವಿಷ ತೆಗೆಯುವ ವಿದ್ಯೆಯನ್ನು ಕರಗತ ಮಾಡಿಕೊಂಡಿದ್ದವು. ಕಹಿ ಗೆಡ್ಡೆಯಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ. ಅದನ್ನು ತುರಿದು, ‘ಚಿಪಿಚಿ’ ಎಂಬ ಹೆಣೆದ ಉದ್ದನೆಯ ಕೊಳವೆಗೆ ತುಂಬಿ, ಎಳೆದು ರಸ ಹಿಂಡಿ, ಉಳಿದ ತುರಿಯನ್ನು ಅಗಲವಾದ ಹೆಂಚಿನ ಮೇಲೆ ಹುರಿದರೆ ತಿಂಗಳುಗಟ್ಟಲೆ ಕೆಡದ ಹಿಟ್ಟು, ಅಂದರೆ ಫರೀನ್ಯ. ವಸಾಹತು ಕಾಲದ ಪಯಣಿಗರು, ಸೈನಿಕರು, ತೋಟದ ಗುಲಾಮರು ಬದುಕಿದ್ದು ಈ ಹಿಟ್ಟಿನ ಮೇಲೆ. 1823ರ ಸಂವಿಧಾನದ ಕರಡು ಮತದಾರನ ಅರ್ಹತೆಯನ್ನು ಮರಗೆಣಸಿನ ಹಿಟ್ಟಿನ ಅಳತೆಯಲ್ಲಿ ನಿಗದಿ ಮಾಡಿತ್ತು, ಅದಕ್ಕೇ ಅದು ‘ಮರಗೆಣಸಿನ ಸಂವಿಧಾನ’ ಎಂದು ಹೆಸರಾಯಿತು. ಇಂದು ಅದೇ ಹಿಟ್ಟನ್ನು ಬೆಣ್ಣೆಯಲ್ಲಿ ಹುರಿದು ಮಾಡುವ ‘ಫರೋಫ’ ತಟ್ಟೆಯ ಅಂಚಿನಲ್ಲಿ ಕೂತಿದೆ. ಅಂಚಿನಲ್ಲಿದ್ದರೂ ವಯಸ್ಸಿನಲ್ಲಿ ಅದು ಅನ್ನಕ್ಕಿಂತ ಹಿರಿಯದು.

ಅಕ್ಕಿಯ ಹಾದಿ ಸುಗಮವಾಗಿರಲಿಲ್ಲ. ವಸಾಹತಿನ ಆರಂಭದಿಂದಲೂ ಅಲ್ಲಲ್ಲಿ ಕೆಂಪು ಅಕ್ಕಿ ಬೆಳೆಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಪೋರ್ಚುಗಲ್ ತನ್ನ ಪೇಟೆಗಾಗಿ ಉತ್ತರದ ಮರನ್ಯಾಂವ್ ಪ್ರಾಂತ್ಯದಲ್ಲಿ ಅಮೆರಿಕದ ಕೆರೊಲಿನಾದಿಂದ ತಂದ ಬಿಳಿ ಅಕ್ಕಿಯನ್ನು ಬೆಳೆಸಹೊರಟಿತು. ರೈತರು ತಮ್ಮ ಕೆಂಪು ಅಕ್ಕಿಯನ್ನು ಬಿಡಲೊಲ್ಲದಾಗ 1772ರಲ್ಲಿ ಅಲ್ಲಿನ ಗವರ್ನರ್ ಅದನ್ನು ಬೆಳೆಯುವುದನ್ನೇ ಅಪರಾಧವೆಂದು ಸಾರಿದ. ಆ ಕೆಂಪು ಅಕ್ಕಿ ಒಣನಾಡಿನ ಪರಾಯ್ಬದಂಥ ಕಡೆ ಸರಿದು ಇಂದಿಗೂ ಉಳಿದಿದೆ. 1808ರಲ್ಲಿ ಪೋರ್ಚುಗೀಸ್ ರಾಜಪರಿವಾರ ನೆಪೋಲಿಯನ್ನನ ಸೈನ್ಯಕ್ಕೆ ಹೆದರಿ ರಿಯೊಗೆ ಬಂದ ಮೇಲೆ ಅಕ್ಕಿಯ ಬಳಕೆ ಹೆಚ್ಚಿತು, ಆದರೂ ದೇಶದ ದಿನದೂಟವಾಗಿ ಅನ್ನ ನೆಲೆಯೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಈಗ ದೇಶದ ಅಕ್ಕಿಯಲ್ಲಿ ಸುಮಾರು ಶೇ 70 ಬರುವುದು ರಿಯೊ ಗ್ರಾಂಡೆ ಡೊ ಸುಲ್‌ನ ನೀರಾವರಿ ಗದ್ದೆಗಳಿಂದ. 2024ರ ಮೇ ತಿಂಗಳ ಮಹಾಪೂರ ಆ ರಾಜ್ಯವನ್ನು ಮುಳುಗಿಸಿದಾಗ ಇಡೀ ದೇಶ ಅಕ್ಕಿಯ ಬೆಲೆಗಾಗಿ ಆತಂಕಪಟ್ಟಿತು. ಬೆಳೆಯ ಬಹುಭಾಗದ ಕಟಾವು ಅಷ್ಟರಲ್ಲಿ ಮುಗಿದಿತ್ತೆಂಬುದೊಂದು ಸಮಾಧಾನ.

ಈ ಊಟಕ್ಕೆ ಕಾನೂನಿನ ಮುದ್ರೆಯೂ ಬಿದ್ದಿದೆ. ಜೆಟುಲಿಯೊ ವರ್ಗಾಸ್ ಸರ್ಕಾರ 1938ರ ಏಪ್ರಿಲ್ 30ರಂದು ಕನಿಷ್ಠ ವೇತನದ ಲೆಕ್ಕಕ್ಕಾಗಿ ಒಂದು ಆಜ್ಞೆ ಹೊರಡಿಸಿತು. ದುಡಿಯುವ ಒಬ್ಬ ವಯಸ್ಕನಿಗೆ ತಿಂಗಳಿಗೆ ಏನೇನು ಬೇಕೆಂದು ಅದರಲ್ಲಿ ಪಟ್ಟಿಯಿದೆ. ಆಗ್ನೇಯದ ರಾಜ್ಯಗಳಿಗೆ ಹೇಳಿದ ಪಾಲು: ಮಾಂಸ 6 ಕಿಲೊ, ಅಕ್ಕಿ 3 ಕಿಲೊ, ಕಾಳು 4.5 ಕಿಲೊ, ಬಾಳೆಹಣ್ಣು 90, ಕಾಫಿಪುಡಿ 600 ಗ್ರಾಂ. ಅಕ್ಕಿಗಿಂತ ಕಾಳು ಒಂದೂವರೆ ಪಟ್ಟು ಎಂಬುದನ್ನು ಗಮನಿಸಬೇಕು. ಕಾರ್ಮಿಕ ಸಂಘಗಳ ಅಧ್ಯಯನ ಸಂಸ್ಥೆ ಇಂದಿಗೂ ರಾಜ್ಯಗಳ ರಾಜಧಾನಿ ನಗರಗಳಲ್ಲಿ ಬೆಲೆಯೇರಿಕೆಯನ್ನು ಅಳೆಯುವುದು ಇದೇ ‘ಸೆಸ್ತ ಬಾಸಿಕ’, ಅಂದರೆ ಮೂಲ ಬುಟ್ಟಿಯ ಲೆಕ್ಕದಿಂದ.

ಇನ್ನು ಅಡುಗೆ. ನಾಲ್ಕು ಜನರ ಊಟಕ್ಕೆ ಕಾಲು ಕಿಲೊ ಕಾಳು, ಎರಡು ಲೋಟ ಅಕ್ಕಿ ಸಾಕು. ಕೆಲಸ ಶುರುವಾಗುವುದು ಹಿಂದಿನ ರಾತ್ರಿ. ಮೇಜಿನ ಮೇಲೆ ಕಾಳು ಹರವಿ ಕಲ್ಲು, ಸುಕ್ಕುಕಾಳು, ಕಡ್ಡಿ ಆರಿಸುವುದು ಬ್ರೆಜಿಲ್‌ನ ಮಕ್ಕಳಿಗೆ ಅಜ್ಜಿ ಕಲಿಸುವ ಮೊದಲ ಅಡುಗೆಕೆಲಸ. ರೆಸಿಫೆಯ ಕವಿ ಜೊವಾಂವ್ ಕಬ್ರಾಲ್ ಡಿ ಮೆಲೊ ನೆಟೊ 1966ರ ತನ್ನ ಸಂಕಲನದಲ್ಲಿ ಕಾಳು ಆರಿಸುವುದನ್ನೂ ಪದ ಆರಿಸುವುದನ್ನೂ ಪಕ್ಕಪಕ್ಕದಲ್ಲಿಟ್ಟು ಒಂದು ಕವಿತೆ ಬರೆದಿದ್ದಾನೆ. ಆರಿಸಿದ ಕಾಳನ್ನು ತೊಳೆದು ಎಂಟರಿಂದ ಹನ್ನೆರಡು ಗಂಟೆ ನೆನೆಸಬೇಕು. ಆ ನೀರು ಚೆಲ್ಲಿದರೆ ಹೊಟ್ಟೆಯುಬ್ಬರ ಕಡಿಮೆ.

ನೆನೆದ ಕಾಳನ್ನು ಕುಕ್ಕರಿಗೆ ಹಾಕಿ, ಮೇಲೆ ಮೂರು ಬೆರಳು ನಿಲ್ಲುವಷ್ಟು ಹೊಸ ನೀರು, ಎರಡು ಲಾರೆಲ್ ಎಲೆ. ಈ ಎಲೆ ನಮ್ಮ ಪಲಾವ್ ಎಲೆಯಲ್ಲ. ನಮ್ಮದು ದಾಲ್ಚಿನ್ನಿಯ ಬಳಗದ್ದು, ಪರಿಮಳವೂ ಬೇರೆ. ಆದರೆ ಲಾರೆಲ್ ಸಿಗದಿದ್ದಾಗ ನಮ್ಮದನ್ನೇ ಅರ್ಧ ಎಲೆ ಹಾಕಿದರೆ ಕೆಟ್ಟದ್ದೇನೂ ಆಗದು. ಬ್ರೆಜಿಲ್‌ನ ಕುಕ್ಕರ್ ನಮ್ಮದರಂತೆ ನಿಂತು ನಿಂತು ಕೂಗುವುದಿಲ್ಲ. ಮೇಲಿನ ಗುಂಡು ಒಮ್ಮೆ ಅಲುಗಾಡಲು ತೊಡಗಿದರೆ ನಿಲ್ಲದೆ ಬುಸುಗುಡುತ್ತದೆ, ಹಾಗಾಗಿ ಅಲ್ಲಿ ಲೆಕ್ಕ ಕೂಗಿನದಲ್ಲ, ನಿಮಿಷದ್ದು. ಕರಿಯೋಕಕ್ಕೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ಕಪ್ಪುಕಾಳಿಗೆ ಸ್ವಲ್ಪ ಹೆಚ್ಚು, ಹಳೆಯ ಕಾಳಿಗೆ ಇನ್ನೂ ಹೆಚ್ಚು. ಕರ್ನಾಟಕದ ಅಡುಗೆಮನೆಯಲ್ಲಿ ರಾಜ್ಮಾದಿಂದ ಮಾಡಿದರೆ ಕಟ್ಟು ಹೆಚ್ಚುಕಡಿಮೆ ಅದೇ ಹದಕ್ಕೆ ಬರುತ್ತದೆ. ಒಂದು ಎಚ್ಚರಿಕೆ ಮುಖ್ಯ: ಈ ಜಾತಿಯ ಹಸಿಕಾಳಿನಲ್ಲಿ ಹೊಟ್ಟೆ ಕೆಡಿಸುವ ಲೆಕ್ಟಿನ್ ಎಂಬ ವಸ್ತುವಿದೆ, ಅದು ನಾಶವಾಗಬೇಕಾದರೆ ಕಾಳು ಚೆನ್ನಾಗಿ ಕುದಿಯಲೇಬೇಕು. ಸಣ್ಣ ಶಾಖದಲ್ಲಿ ಬರಿದೆ ಬಿಸಿಯಾಗಿಟ್ಟರೆ ಸಾಲದು.

ಬೆಂದ ಕಾಳು ಇನ್ನೂ ಫೆಯ್ಜಾಂವ್ ಆಗಿರುವುದಿಲ್ಲ. ಅದನ್ನು ಹಾಗೆ ಮಾಡುವುದು ‘ಹೆಫೊಗಾಡು’, ಬ್ರೆಜಿಲ್‌ನ ಒಗ್ಗರಣೆ. ಸಾಸಿವೆಯಿಲ್ಲ, ಕರಿಬೇವಿಲ್ಲ, ಹುಣಸೆಯಿಲ್ಲ, ಖಾರವೂ ಇಲ್ಲ. ಎರಡು ಚಮಚ ಎಣ್ಣೆ ಅಥವಾ ಹಂದಿಯ ಕೊಬ್ಬು, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ. ಉಳ್ಳವರು ಉಪ್ಪು ಹಾಕಿ ಹೊಗೆಯಾಡಿಸಿದ ಹಂದಿಮಾಂಸದ ಚೂರುಗಳನ್ನು ಮೊದಲು ಹುರಿಯುತ್ತಾರೆ, ಇಲ್ಲದಿದ್ದರೂ ಊಟಕ್ಕೆ ಕೊರತೆಯಿಲ್ಲ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ತಿರುಗಿದೊಡನೆ ಕುಕ್ಕರಿನಿಂದ ಒಂದು ಸೌಟು ಕಾಳು ತೆಗೆದು ಅದಕ್ಕೆ ಸುರಿಯಬೇಕು, ಜೋರಾಗಿ ಚೊಂಯ್ ಎನ್ನುತ್ತದೆ. ಆ ಒಂದು ಸೌಟು ಕಾಳನ್ನು ಬಾಣಲೆಯಲ್ಲೇ ಸೌಟಿನ ಬೆನ್ನಿನಿಂದ ಹಿಸುಕಿ ಇಡೀ ಪಾತ್ರೆಗೆ ತಿರುಗಿ ಸೇರಿಸಿ, ಉಪ್ಪು ಹಾಕಿ, ಮುಚ್ಚಳವಿಲ್ಲದೆ ಹತ್ತು-ಹದಿನೈದು ನಿಮಿಷ ಸಣ್ಣಗೆ ಕುದಿಸಬೇಕು. ಕಟ್ಟು ಗಟ್ಟಿಯಾಗುವುದು ಈ ಹಿಸುಕಿದ ಕಾಳಿನಿಂದ. ಹಿಟ್ಟು ಕದಡಿ ಗಟ್ಟಿ ಮಾಡಿದ್ದು ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ.

ಅನ್ನದ ಕ್ರಮವೂ ನಮ್ಮ ಬಸಿದ ಅನ್ನದಂತಲ್ಲ. ಒಂದು ಚಮಚ ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ತೊಳೆದು ಚೆನ್ನಾಗಿ ನೀರಾರಿಸಿದ ಉದ್ದಕ್ಕಿಯನ್ನು ಹಾಕಿ, ಕಾಳುಕಾಳು ಬಿಡಿಬಿಡಿಯಾಗಿ ಸರಪರ ಎನ್ನುವ ತನಕ ಹುರಿಯಬೇಕು. ಎರಡು ಲೋಟಕ್ಕೆ ನಾಲ್ಕು ಲೋಟ ಕುದಿಯುವ ನೀರು, ಉಪ್ಪು. ನೀರು ಇಂಗಿ ಮೇಲೆ ತೂತುಗಳು ಕಂಡಾಗ ಉರಿ ತಗ್ಗಿಸಿ ಮುಚ್ಚಿ, ಕೊನೆಗೆ ಒಲೆ ಆರಿಸಿ ಹತ್ತು ನಿಮಿಷ ಕೈ ಹಾಕದೆ ಬಿಟ್ಟರೆ ಅನ್ನ ಉದುರಾಗುತ್ತದೆ. ಮುದ್ದೆಗಟ್ಟಿದ ಅನ್ನವನ್ನು ಅಲ್ಲಿ ಹೊಸದಾಗಿ ಮನೆ ಹೂಡಿದವರ ಅನ್ನ ಎಂಬಂತೆ ನೋಡುತ್ತಾರೆ.

ಉಳಿದದ್ದು ಹತ್ತು ನಿಮಿಷದ ಕೆಲಸ. ‘ಕೋವಿ’ ಎಂಬ ಅಗಲ ಎಲೆಯ ಕೋಸಿನ ಸೊಪ್ಪನ್ನು ದಂಟು ತೆಗೆದು ಒಂದರ ಮೇಲೊಂದಿಟ್ಟು, ಬಿಗಿಯಾಗಿ ಸುರುಳಿ ಸುತ್ತಿ, ಕೂದಲೆಳೆಯಂತೆ ಕತ್ತರಿಸಿ, ಬೆಳ್ಳುಳ್ಳಿ ಹಾಕಿದ ಬಿಸಿ ಬಾಣಲೆಯಲ್ಲಿ ಒಂದೆರಡು ನಿಮಿಷ ತಿರುವಿದರೆ ಸಾಕು, ಹಸಿರು ಮಾಸಬಾರದು. ಫರೋಫಕ್ಕೆ ಎರಡು ಚಮಚ ಬೆಣ್ಣೆಯಲ್ಲಿ ಈರುಳ್ಳಿ ಬಾಡಿಸಿ, ಒಂದು ಲೋಟ ಮರಗೆಣಸಿನ ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಗರಿಗರಿಯಾಗುವವರೆಗೆ ಕೈಯಾಡಿಸಬೇಕು. ಮಾಂಸವನ್ನು ತೆಳ್ಳಗೆ ಬಡಿದು ಉಪ್ಪು, ಬೆಳ್ಳುಳ್ಳಿ ಸವರಿ, ಕಾದ ಬಾಣಲೆಯಲ್ಲಿ ಎರಡೂ ಬದಿ ಕಂದಿಸಿ, ಅದೇ ಬಾಣಲೆಯಲ್ಲಿ ಈರುಳ್ಳಿ ಬಿಲ್ಲೆಗಳನ್ನು ಹೊರಳಿಸಿ ಮೇಲೆ ಹಾಕುತ್ತಾರೆ. ಅದರ ಮೇಲೊಂದು ಹುರಿದ ಮೊಟ್ಟೆ ಕೂತರೆ ‘ಕುದುರೆ ಸವಾರಿಯ ಮಾಂಸ’ ಎಂದು ಹೆಸರು. ಮಾಂಸವಿಲ್ಲದ ದಿನ ಆ ಮೊಟ್ಟೆಯೊಂದೇ ಸಾಕು, ಕಾಳಿಲ್ಲದ ದಿನ ಮಾತ್ರ ಊಟ ಆದಂತೆ ಅನ್ನಿಸುವುದಿಲ್ಲ.

ಅನಿರೀಕ್ಷಿತವಾಗಿ ನೆಂಟರು ಬಂದರೆ ‘ಕಾಳಿಗೆ ನೀರು ಹಾಕು’ ಎನ್ನುವುದು ಅಲ್ಲಿನ ಮಾತು. ಇದ್ದ ಕಟ್ಟನ್ನು ಹಿಗ್ಗಿಸಿ ಎಲ್ಲರಿಗೂ ಹಂಚುವುದು ಅದರ ತಾತ್ಪರ್ಯ. ಹಾಡುಗಾರ ಶಿಕು ಬುವಾರ್ಕಿ ಅದನ್ನು ಒಂದು ಸಾಂಬಾ ಹಾಡಿನಲ್ಲೂ ಬಳಸಿದ್ದಾನೆ. ಇನ್ನೊಂದು ನುಡಿಗಟ್ಟಿನಲ್ಲಿ ‘ಅನ್ನ-ಕಾಳು’ ಎಂದರೆ ಆಡಂಬರವಿಲ್ಲದ, ದಿನನಿತ್ಯದ ಕೆಲಸ. 1988ರಲ್ಲಿ ಹಣಕಾಸು ಮಂತ್ರಿಯಾದ ಮಾಯ್ಲ್ಸನ್ ಡ ನೋಬ್ರೆಗ ದೊಡ್ಡ ಪವಾಡಗಳ ಭರವಸೆ ಕೊಡದೆ ‘ಅನ್ನ-ಕಾಳಿನ ನೀತಿ’ ಎಂದು ತಮ್ಮ ಆರ್ಥಿಕ ಕ್ರಮಗಳನ್ನು ಪರಿಚಯಿಸಿದರು. ಹಣದುಬ್ಬರ ಅದಕ್ಕೆ ಬಗ್ಗಲಿಲ್ಲ.

ಹೊರಜಗತ್ತಿಗೆ ಹೆಚ್ಚು ಪರಿಚಿತವಾದ ‘ಫೆಯ್ಜುವಾಡ’ ದಿನದೂಟವಲ್ಲ. ಕಪ್ಪುಕಾಳಿನೊಂದಿಗೆ ಹಂದಿಯ ಬಗೆಬಗೆಯ ಭಾಗಗಳನ್ನು ಗಂಟೆಗಟ್ಟಲೆ ಬೇಯಿಸುವ ಅದು ಬುಧವಾರ ಮತ್ತು ಶನಿವಾರದ ಭಾರಿ ಊಟ. ಯಜಮಾನರು ಎಸೆದ ತುಂಡುಗಳಿಂದ ಗುಲಾಮರು ಅದನ್ನು ಕಟ್ಟಿದರೆಂಬ ಕತೆ ಜನಜನಿತವಾದರೂ ಆಹಾರದ ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಕಾಳು-ಮಾಂಸ ಒಟ್ಟಿಗೆ ಬೇಯಿಸುವ ಯುರೋಪಿನ ಹಳೆಯ ಪದ್ಧತಿಯ ಮೇಲೆ ಅದು ಬೆಳೆದದ್ದು ಎನ್ನುತ್ತಾರೆ. ಸಾವೊ ಪಾಲೊ ನಗರದ ಹೋಟೆಲುಗಳಲ್ಲಿ ವಾರಕ್ಕೊಂದು ವೇಳಾಪಟ್ಟಿಯೇ ಇದೆ: ಬುಧವಾರ ಫೆಯ್ಜುವಾಡ, ಗುರುವಾರ ಪಾಸ್ತಾ, ಶುಕ್ರವಾರ ಮೀನು, ಸೋಮವಾರ ‘ವಿರಾಡು’. ಕಾಳಿಗೆ ಹಿಟ್ಟು ಬೆರೆಸಿ ಮಗುಚಿದ ವಿರಾಡು ಒಳನಾಡಿಗೆ ಹೋಗುತ್ತಿದ್ದವರ ಬುತ್ತಿಯಿಂದ ಬಂದದ್ದು, 2018ರಲ್ಲಿ ಸಾವೊ ಪಾಲೊ ರಾಜ್ಯದ ಪರಂಪರೆಯ ಪಟ್ಟಿಗೆ ಸೇರಿತು. ಅಮೆಜಾನ್ ಬಾಯಿಯ ಬೆಲೆಂ ನಗರದಲ್ಲಂತೂ ಎಷ್ಟೋ ಮನೆಗಳ ಮಧ್ಯಾಹ್ನದೂಟ ಹುರಿದ ಮೀನು, ಮರಗೆಣಸಿನ ಹಿಟ್ಟು, ಸಕ್ಕರೆಯಿಲ್ಲದ ಗಟ್ಟಿ ಅಸಾಯಿ ಹಣ್ಣಿನ ರಸ.

ಬುತ್ತಿಯ ಮಾತು ಬಂದಾಗ ‘ಬೋಯ ಫ್ರೀಯ’ ಎಂಬ ಪದವನ್ನು ಬಿಡುವಂತಿಲ್ಲ. ಅದರ ಅರ್ಥ ತಣ್ಣನೆಯ ಊಟ. ಕಬ್ಬು, ಕಾಫಿ, ಕಿತ್ತಳೆ ತೋಟಗಳಿಗೆ ಬೆಳಗಿನ ಜಾವ ಲಾರಿಯಲ್ಲಿ ಹೋಗುವ ದಿನಗೂಲಿಗಳಿಗೆ ಆ ಹೆಸರೇ ಅಂಟಿತು. ಮನೆಯಿಂದ ತಂದ ಡಬ್ಬಿಯ ಅನ್ನ-ಕಾಳನ್ನು ಬಿಸಿ ಮಾಡಿಕೊಳ್ಳಲು ಹೊಲದಲ್ಲಿ ಅನುಕೂಲವಿಲ್ಲದೆ ತಣ್ಣಗೇ ತಿನ್ನುತ್ತಿದ್ದ ಆ ಜನರ ಇಡೀ ವರ್ಗವನ್ನು ಅವರ ಊಟದ ಹೆಸರಿನಿಂದ ಕರೆಯಲಾಯಿತು ಎಂಬುದು ಮನಸ್ಸಿನಲ್ಲಿ ಉಳಿಯುವ ಸಂಗತಿ.

ಅನ್ನದ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನದರಲ್ಲಿ ಮೆಥಿಯೊನಿನ್ ಕಡಿಮೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬ್ರೆಜಿಲ್‌ನ ಆರೋಗ್ಯ ಸಚಿವಾಲಯ 2014ರಲ್ಲಿ ಹೊರತಂದ ಆಹಾರ ಮಾರ್ಗದರ್ಶಿ ಜಗತ್ತಿನ ಗಮನ ಸೆಳೆದದ್ದು ಬೇರೊಂದು ಕಾರಣಕ್ಕೆ. ಪೋಷಕಾಂಶಗಳ ಕೋಷ್ಟಕಕ್ಕೆ ಬದಲು ಜನ ನಿಜವಾಗಿ ತಿನ್ನುವ ತಟ್ಟೆಗಳ ಚಿತ್ರಗಳನ್ನು ಅದು ಮುಂದಿಟ್ಟಿತು, ಅವುಗಳಲ್ಲಿ ಅನ್ನ-ಕಾಳು ಮತ್ತೆ ಮತ್ತೆ ಬರುತ್ತದೆ. ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೊಸ್ ಮೊಂಟೇರೊ ಮತ್ತು ಸಂಗಡಿಗರ ವಿಂಗಡಣೆಯನ್ನು ಆಧರಿಸಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ತಿನಿಸಿಗಿಂತ ಮನೆಯಲ್ಲಿ ಬೇಯಿಸಿದ್ದೇ ಮೇಲು ಎಂದು ಅದು ನೇರವಾಗಿ ಹೇಳಿತು. ಸರ್ಕಾರಿ ಶಾಲೆಗಳ ಬಿಸಿಯೂಟದಲ್ಲೂ ಈ ಜೋಡಿಗೆ ಕಾಯಂ ಸ್ಥಾನ. 2009ರ ಕಾನೂನು ಆ ಯೋಜನೆಯ ಕೇಂದ್ರ ಅನುದಾನದಲ್ಲಿ ಕನಿಷ್ಠ ಶೇ 30ನ್ನು ಸಣ್ಣ ರೈತ ಕುಟುಂಬಗಳಿಂದ ಕೊಳ್ಳಲು ಬಳಸಬೇಕೆಂದು ವಿಧಿಸಿತು.

ಹೀಗಿದ್ದೂ ತಟ್ಟೆಯಲ್ಲಿ ಕಾಳು ಕರಗುತ್ತಿದೆ. ದೇಶದ ಕುಟುಂಬ ವೆಚ್ಚ ಸಮೀಕ್ಷೆಗಳ ಪ್ರಕಾರ 2002-03ರಲ್ಲಿ ಮನೆಗೆ ಕೊಂಡ ಕಾಳು ತಲಾ ವರ್ಷಕ್ಕೆ 12.4 ಕಿಲೊ ಇದ್ದದ್ದು 2017-18ಕ್ಕೆ 5.9 ಕಿಲೊಗೆ ಇಳಿಯಿತು, ಅಕ್ಕಿ 31.6ರಿಂದ 19.8 ಕಿಲೊಗೆ. ಮನೆಯ ಹೊರಗೆ ಉಣ್ಣುವುದು ಹೆಚ್ಚಿದ್ದು ಒಂದು ಕಾರಣ, ನೆನೆಸಿ ಬೇಯಿಸುವ ಪುರುಸೊತ್ತಿಲ್ಲದೆ ಪೊಟ್ಟಣದ ತಿನಿಸಿಗೆ ಒಲಿದದ್ದು ಇನ್ನೊಂದು. ಬೆಲೆಯ ಏರಿಳಿತವೂ ಇದೆ. ಕರಿಯೋಕವನ್ನು ಬ್ರೆಜಿಲ್ ಬಿಟ್ಟು ಬೇರೆ ದೇಶ ಹೆಚ್ಚಾಗಿ ಬೆಳೆಯುವುದಿಲ್ಲ, ತಿನ್ನುವುದೂ ಇಲ್ಲ. ಕೂಡಿಟ್ಟರೆ ಅದರ ಬಣ್ಣ ಕಪ್ಪಿಡುತ್ತದೆ, ಕಪ್ಪಿಟ್ಟ ಕಾಳನ್ನು ಗಿರಾಕಿ ಮುಟ್ಟುವುದಿಲ್ಲ. ಹಾಗಾಗಿ ಮಳೆ ಕೈಕೊಟ್ಟ ವರ್ಷ ಗೋದಾಮಿನಲ್ಲೂ ಇಲ್ಲ, ಹೊರಗಿನಿಂದ ತರಿಸಲೂ ಸಿಗದು. 2016ರ ಜೂನ್‌ನಲ್ಲಿ ಬೆಲೆ ನೆತ್ತಿಗೇರಿದಾಗ ಸರ್ಕಾರ ಕಾಳಿನ ಆಮದು ಸುಂಕವನ್ನು ತೆಗೆಯಬೇಕಾಯಿತು. ಅದೇ ದೇಶದ ರೈತರು ಈಚಿನ ವರ್ಷಗಳಲ್ಲಿ ಭಾರತದ ಪೇಟೆಗಾಗಿ ಉದ್ದು ಬೆಳೆದು ರಫ್ತು ಮಾಡತೊಡಗಿದ್ದಾರೆ.

ಪುರುಸೊತ್ತಿನ ತೊಡಕಿಗೆ ಮನೆಗಳು ಕಂಡುಕೊಂಡ ಉಪಾಯವೂ ಹಳೆಯದೇ. ಭಾನುವಾರ ದೊಡ್ಡ ಕುಕ್ಕರಿನಲ್ಲಿ ವಾರಕ್ಕಾಗುವಷ್ಟು ಕಾಳು ಬೇಯಿಸಿ, ಒಗ್ಗರಣೆ ಹಾಕದೆ ಡಬ್ಬಿಗಳಲ್ಲಿ ತುಂಬಿ ಫ್ರೀಜರಿಗೆ ಸೇರಿಸುತ್ತಾರೆ. ದಿನಕ್ಕೊಂದು ಡಬ್ಬಿ ತೆಗೆದು ಬೆಳ್ಳುಳ್ಳಿ ಹುರಿದು ಹಾಕಿದರೆ ಕಟ್ಟು ಹೊಸದರಂತೆಯೇ. ಮಿಕ್ಕ ಅನ್ನಕ್ಕೆ ಮೊಟ್ಟೆ, ಕೊತ್ತಂಬರಿ ಕಲೆಸಿ ಉಂಡೆ ಕಟ್ಟಿ ಕರಿಯುತ್ತಾರೆ. ಮಿಕ್ಕ ಕಾಳನ್ನು ರುಬ್ಬಿ ಸಣ್ಣ ಲೋಟದಲ್ಲಿ ಬಿಸಿಬಿಸಿ ಕುಡಿಯುತ್ತಾರೆ. ಫ್ರೀಜರಿಗೆ ಹೋಗುವ ಡಬ್ಬಿ ಸಾಮಾನ್ಯವಾಗಿ ತೊಳೆದಿಟ್ಟ ಐಸ್‌ಕ್ರೀಂ ಡಬ್ಬಿ. ಬ್ರೆಜಿಲ್‌ನಲ್ಲಿ ಬೆಳೆದ ಮಕ್ಕಳಲ್ಲಿ ಬೇಸಿಗೆಯ ಮಧ್ಯಾಹ್ನ ಆಸೆಯಿಂದ ಆ ಮುಚ್ಚಳ ತೆರೆದು ಒಳಗೆ ಹೆಪ್ಪುಗಟ್ಟಿದ ಕಾಳು ಕಂಡು ಪೆಚ್ಚಾಗದವರು ಕಡಿಮೆ.